1959ರ ಜುಲೈ: ಎರಡು ಪದಚ್ಯುತಿಗಳು

ಮದುವೆಯ ಊಟದ ಪಂಕ್ತಿಯಲ್ಲಿ, ಹಳೆಯ ಸಹಪಾಠಿಗಳು ಸೇರಿದಲ್ಲಿ, ರಸ್ತೆ ಕೆಲಸ ಅರ್ಧಕ್ಕೆ ನಿಂತು ವಾಹನಗಳು ಸಾಲುಗಟ್ಟಿದಲ್ಲಿ ಒಂದು ಮಾತು ಈಚಿನ ವರ್ಷಗಳಲ್ಲಿ ಪದೇ ಪದೇ ಕಿವಿಗೆ ಬೀಳುತ್ತಿದೆ. ನಮ್ಮಲ್ಲಿ ಪ್ರಜಾಪ್ರಭುತ್ವ ಅತಿಯಾಯಿತು, ಚೀನಾದ ಹಾಗೆ ಒಂದೇ ಪಕ್ಷದ ಆಡಳಿತ ಒಂದು ಹತ್ತು ವರ್ಷ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಆ ಮಾತು. ಇದನ್ನು ಹೇಳುವವರಲ್ಲಿ ಕಮ್ಯುನಿಸ್ಟರನ್ನು ಕಂಡರೆ ಆಗದವರೇ ಹೆಚ್ಚು ಎಂಬುದು ನನಗೆ ಆಶ್ಚರ್ಯ ಹುಟ್ಟಿಸುತ್ತದೆ. ಇನ್ನೊಂದು ಕಡೆಯಲ್ಲಿ, ಕಾಲೇಜು ದಿನಗಳಿಂದಲೂ ನನ್ನೊಂದಿಗೆ ವಾದಿಸುತ್ತ ಬಂದಿರುವ ಎಡಪಂಥೀಯ ಗೆಳೆಯರು, ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದರಿಂದ ಬಡವನ ಹೊಟ್ಟೆ ತುಂಬುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯಾಂಶ ಇದೆ. ಆದರೆ ಇಬ್ಬರೂ ಮಾಡುವುದು ಒಂದೇ ಕೆಲಸ: ತಮಗೆ ಪ್ರಿಯವಾದ ವ್ಯವಸ್ಥೆಯ ಆಶ್ವಾಸನೆಯನ್ನು ಇನ್ನೊಂದು ವ್ಯವಸ್ಥೆಯ ಅನುಭವದ ಎದುರು ಇಟ್ಟು ತೂಗುತ್ತಾರೆ. ಆಶ್ವಾಸನೆಯ ತಟ್ಟೆಯೇ ಯಾವಾಗಲೂ ಮೇಲಾಗಿ ಕಾಣುವುದರಲ್ಲಿ ಅಚ್ಚರಿಯಿಲ್ಲ.

ಹಾಗಲ್ಲದೆ, ಒಂದೇ ಕಾಲದಲ್ಲಿ, ಒಂದೇ ವಿಷಯದಲ್ಲಿ ಈ ಎರಡು ವ್ಯವಸ್ಥೆಗಳು ಹೇಗೆ ನಡೆದುಕೊಂಡವು ಎಂದು ನೋಡಬೇಕೆಂಬುದು ನನ್ನ ಬಹುದಿನಗಳ ಯೋಚನೆ. ವಿಷಯವಾಗಿ ನಾನು ಆರಿಸಿಕೊಳ್ಳುವುದು ಭೂಮಿ ಮತ್ತು ಅನ್ನವನ್ನು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಗೇಣಿ ಗದ್ದೆಯನ್ನು ನಂಬಿದ್ದ ಮನೆಯಲ್ಲಿ ಹುಟ್ಟಿದವನಿಗೆ ಕಮ್ಯುನಿಸಮ್ಮು ಪುಸ್ತಕದ ಸಂಗತಿಯಾಗಿರಲಿಲ್ಲ. ಆಗ ನಮ್ಮ ಜಿಲ್ಲೆಗೇ ಸೇರಿದ್ದ ಕಯ್ಯೂರಿನಲ್ಲಿ 1941ರ ಮಾರ್ಚಿನಲ್ಲಿ ರೈತಸಂಘದ ಮೆರವಣಿಗೆಯ ನಡುವೆ ಪೊಲೀಸ್ ಪೇದೆಯೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. ಆ ಮೊಕದ್ದಮೆಯಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಹೊಳೆಯ ಆಚೆ ದಡದ ಆ ಕತೆ ನಮ್ಮ ಕಡೆಯ ಒಕ್ಕಲುಮನೆಗಳಿಗೂ ತಲುಪಿತ್ತು. ಧಣಿಯ ಮನೆಯ ಅಂಗಳದಲ್ಲಿ ಅದನ್ನು ಯಾರೂ ಎತ್ತುತ್ತಿರಲಿಲ್ಲ.

ಲುಶಾನ್ ಮತ್ತು ತಿರುವನಂತಪುರ

1959ರ ಜುಲೈ ತಿಂಗಳಲ್ಲಿ, ಪರಸ್ಪರ ಸಂಬಂಧವೇ ಇಲ್ಲದ ಎರಡು ಘಟನೆಗಳು ನಡೆದವು. ಅವನ್ನು ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ ಎಂದು ತೋರುತ್ತದೆ.

ಮೊದಲನೆಯದು ಚೀನಾದ ಲುಶಾನ್ ಎಂಬ ಗಿರಿಧಾಮದಲ್ಲಿ ನಡೆದ ಪಕ್ಷದ ನಾಯಕರ ಸಭೆ. ಅದರ ಹಿಂದಿನ ವರ್ಷ ಮಾವೋ ಅವರ ಮಹಾ ಮುನ್ನೆಗೆತ ಆರಂಭವಾಗಿತ್ತು. ಹಳ್ಳಿಗಳನ್ನು ಕಮ್ಯೂನುಗಳಾಗಿ ಒಟ್ಟುಗೂಡಿಸಿ, ಮನೆಮನೆಯ ಒಲೆ ಆರಿಸಿ, ಸಾಮೂಹಿಕ ಭೋಜನಶಾಲೆಗಳನ್ನು ತೆರೆದಿದ್ದರು. ಉಕ್ಕು ತಯಾರಿಸಲೆಂದು ಹಿತ್ತಿಲುಗಳಲ್ಲಿ ಕುಲುಮೆ ಕಟ್ಟಿ, ಮನೆಯ ಪಾತ್ರೆ ಪರಡಿಗಳನ್ನೂ ಕೃಷಿಯ ಸಲಕರಣೆಗಳನ್ನೂ ಕರಗಿಸಿದ್ದರು. ಮೇಲಿನವರು ಕೇಳಲು ಬಯಸುತ್ತಿದ್ದುದು ದೊಡ್ಡ ಬೆಳೆಯ ಸುದ್ದಿಯನ್ನು ಮಾತ್ರ. ಹಾಗಾಗಿ ಕೆಳಗಿನ ಅಧಿಕಾರಿಗಳು ಇಲ್ಲದ ಬೆಳೆಯ ಲೆಕ್ಕ ಬರೆದು ಕಳುಹಿಸಿದರು, ಆ ಸುಳ್ಳು ಲೆಕ್ಕದ ಮೇಲೆಯೇ ಸರ್ಕಾರದ ಲೆವಿ ನಿಗದಿಯಾಯಿತು, ಲೆವಿ ತುಂಬಿಸಲು ರೈತರ ಕಣಜದಲ್ಲಿದ್ದ ಬೀಜದ ಭತ್ತವನ್ನೂ ಹೊತ್ತೊಯ್ದರು. ರಕ್ಷಣಾ ಸಚಿವರಾಗಿದ್ದ ಪೆಂಗ್ ದೆಹುವಾಯ್ ಬಡ ರೈತರ ಮನೆಯಿಂದ ಬಂದವರು, ಕೊರಿಯಾ ಯುದ್ಧದಲ್ಲಿ ಚೀನೀ ಪಡೆಗಳನ್ನು ನಡೆಸಿದವರು. ಅವರು ತಮ್ಮ ಹುಟ್ಟೂರಿನ ಕಡೆ ಹೋಗಿ ಹಳ್ಳಿಗಳ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದರು. ಜುಲೈ 14ರಂದು ಅವರು ಮಾವೋ ಅವರಿಗೆ ಒಂದು ಖಾಸಗಿ ಪತ್ರ ಬರೆದರು. ಅದು ವಿನಯದ ಪತ್ರ. ಸಾಧನೆಗಳನ್ನು ಮೊದಲು ಹೊಗಳಿ, ಅನಂತರ ಉತ್ಪ್ರೇಕ್ಷೆಯ ಲೆಕ್ಕಗಳ ಬಗ್ಗೆ, ಅವಸರದ ಬಗ್ಗೆ ಎಚ್ಚರಿಸಿದ ಪತ್ರ. ಮಾವೋ ಅದರ ಪ್ರತಿಗಳನ್ನು ಸಭೆಯಲ್ಲಿ ಹಂಚಿಸಿದರು, 23ರಂದು ಎದ್ದು ನಿಂತು ಪೆಂಗ್ ಮೇಲೆ ಹರಿಹಾಯ್ದರು. ಆಗಸ್ಟ್ ಮಧ್ಯದ ಹೊತ್ತಿಗೆ ಪೆಂಗ್ ಅವರಿಗೆ ಪಕ್ಷವಿರೋಧಿ ಗುಂಪಿನ ನಾಯಕನೆಂಬ ಹಣೆಪಟ್ಟಿ ಅಂಟಿತ್ತು, ಮುಂದೆ ಸಚಿವ ಪದವಿಯೂ ಹೋಯಿತು.

ಎರಡನೆಯದು ನಮಗೆ ಹತ್ತಿರದ್ದು. 1957ರ ಚುನಾವಣೆಯಲ್ಲಿ ಕೇರಳದ ಮತದಾರರು 126 ಸ್ಥಾನಗಳಲ್ಲಿ 60ನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಕೊಟ್ಟರು. ಐವರು ಪಕ್ಷೇತರರ ಬೆಂಬಲದಿಂದ ಇ.ಎಂ.ಎಸ್. ನಂಬೂದಿರಿಪಾಡರು ಏಪ್ರಿಲ್ 5ರಂದು ಮುಖ್ಯಮಂತ್ರಿಯಾದರು. ಒಂದು ವಾರ ಕಳೆಯುವುದರೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿತ್ತು. ಕಂದಾಯ ಸಚಿವೆ ಕೆ.ಆರ್. ಗೌರಿಯವರು ಮಂಡಿಸಿದ ಭೂ ಮಸೂದೆ 1959ರ ಜೂನ್ 10ರಂದು ಅಂಗೀಕಾರವಾಯಿತು. ಅಷ್ಟರಲ್ಲಿ ಖಾಸಗಿ ಶಾಲೆಗಳ ಮೇಲೆ ಸರ್ಕಾರದ ಹಿಡಿತ ಬಿಗಿಗೊಳಿಸುವ ಶಿಕ್ಷಣ ಮಸೂದೆಯ ವಿರುದ್ಧ ಸಿಡಿದೆದ್ದ ಕ್ರೈಸ್ತ ಸಭೆಗಳು, ಮನ್ನತ್ತು ಪದ್ಮನಾಭನ್ ನೇತೃತ್ವದ ನಾಯರ್ ಸಂಘಟನೆ, ಕಾಂಗ್ರೆಸ್ಸು ಎಲ್ಲವೂ ಸೇರಿ ವಿಮೋಚನಾ ಸಮರ ಆರಂಭಿಸಿದ್ದವು. ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಜನ ಬಲಿಯಾದರು. ಜನರ ಹೆಸರಿನಲ್ಲಿ ಬಂದ ಸರ್ಕಾರ ಜನರ ಮೇಲೆಯೇ ಗುಂಡು ಹಾರಿಸಿದ್ದು ಆ ಪಕ್ಷದ ಇತಿಹಾಸದಲ್ಲಿ ಉಳಿದ ಕಲೆ. ಜುಲೈ 31ರಂದು ನೆಹರೂ ಸರ್ಕಾರ ಸಂವಿಧಾನದ 356ನೇ ವಿಧಿಯನ್ನು ಬಳಸಿ, ಸದನದಲ್ಲಿ ಬಹುಮತವಿದ್ದ ಆ ಸರ್ಕಾರವನ್ನು ವಜಾ ಮಾಡಿತು. ಅದು ಅನ್ಯಾಯ. ಪ್ರಜಾಪ್ರಭುತ್ವದ ಹೆಸರು ಹೇಳುವ ಯಾರೂ ಅದನ್ನು ಸಮರ್ಥಿಸಿಕೊಳ್ಳಬಾರದು, ನೆಹರೂ ಅವರ ಮೇಲೆ ಎಷ್ಟೇ ಅಭಿಮಾನವಿದ್ದರೂ.

ಎರಡೂ ಕಡೆ, ಹಳ್ಳಿಯ ಬಡವನ ಪರವಾಗಿ ಮಾತನಾಡಿದವರೇ ಅಧಿಕಾರ ಕಳೆದುಕೊಂಡರು. ಆದರೆ ಅನಂತರದ ದಾರಿಗಳು ಬೇರೆಯಾದವು. ಪೆಂಗ್ ಬಾಯಿ ಮುಚ್ಚಿದ ಮೇಲೆ ಚೀನಾದಲ್ಲಿ ಹಸಿವಿನ ಸುದ್ದಿಯನ್ನು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಹಾಗೆ ಹೇಳುವುದೇ ಪಕ್ಷದ್ರೋಹವೆನಿಸಿಕೊಂಡಿತು. ಲುಶಾನ್ ಸಭೆಗೆ ಮೊದಲು ಸ್ವಲ್ಪ ನಿಧಾನಗೊಂಡಿದ್ದ ಮುನ್ನೆಗೆತ ಮತ್ತೆ ವೇಗ ಪಡೆಯಿತು. ಆ ವರ್ಷವೇ ಚೀನಾ ನಲವತ್ತು ಲಕ್ಷ ಟನ್ನಿನಷ್ಟು ಧಾನ್ಯವನ್ನು ಹೊರದೇಶಗಳಿಗೆ ರಫ್ತು ಮಾಡಿತು. 1961ರವರೆಗಿನ ಆ ಬರಗಾಲದಲ್ಲಿ ಸತ್ತವರ ಲೆಕ್ಕ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಬೇರೆ ಬೇರೆ ವಿದ್ವಾಂಸರಲ್ಲಿ ಬೇರೆ ಬೇರೆಯಾಗಿದೆ. ಕನಿಷ್ಠ ಲೆಕ್ಕವನ್ನೇ ಹಿಡಿದರೂ ಅದನ್ನು ಮನಸ್ಸಿನಲ್ಲಿ ತಂದುಕೊಳ್ಳಲು ನನ್ನಿಂದ ಆಗುವುದಿಲ್ಲ. ಪೆಂಗ್ ಅವರನ್ನು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮಾವೋ ಬೆಂಬಲಿಗ ಯುವಕರ ಕೆಂಪು ಕಾವಲುಪಡೆಯವರು ಎಳೆತಂದು, ಬಯಲಲ್ಲಿ ನಿಲ್ಲಿಸಿ ಹೊಡೆದರು. 1974ರ ನವೆಂಬರಿನಲ್ಲಿ ಅವರು ಬಂಧನದಲ್ಲಿಯೇ ತೀರಿಕೊಂಡರು. ಅವರು ಹೇಳಿದ್ದು ಸರಿ ಎಂದು ಪಕ್ಷ ಒಪ್ಪಿಕೊಂಡದ್ದು 1978ರಲ್ಲಿ.

ಇ.ಎಂ.ಎಸ್. ಏನಾದರು? 1960ರ ಫೆಬ್ರವರಿಯಲ್ಲಿ ಮತ್ತೆ ಜನರ ಮುಂದೆ ಹೋದರು. ಪಕ್ಷದ ಸ್ಥಾನಗಳು 29ಕ್ಕೆ ಇಳಿದವು, ಮತಪ್ರಮಾಣ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ವಿರೋಧಪಕ್ಷದಲ್ಲಿ ಕುಳಿತರು, ಬರೆದರು, ಊರೂರು ತಿರುಗಿ ಭಾಷಣ ಮಾಡಿದರು, ತಮ್ಮನ್ನು ವಜಾ ಮಾಡಿದ ಪ್ರಧಾನಿಯನ್ನು ಪತ್ರಿಕೆಗಳಲ್ಲಿ ಹೆಸರು ಹಿಡಿದು ಟೀಕಿಸಿದರು. 1967ರ ಮಾರ್ಚಿನಲ್ಲಿ ಮತ್ತೊಮ್ಮೆ ಮುಖ್ಯಮಂತ್ರಿಯಾದರು. ಈ ಎರಡು ಬದುಕುಗಳ ನಡುವಿನ ಅಂತರವೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಯಾವ ವ್ಯವಸ್ಥೆಯೂ ತಪ್ಪು ಮಾಡದೆ ಇರುವುದಿಲ್ಲ. ತಪ್ಪಾಗಿದೆ ಎಂದು ಆಳುವವನ ಮುಖಕ್ಕೆ ಹೇಳಿದವನು ಮರುದಿನ ಬದುಕಿರುತ್ತಾನೆಯೇ, ಬದುಕಿದ್ದರೆ ಮತ್ತೆ ಮಾತನಾಡಬಲ್ಲನೇ, ಸೋತವನು ಗೆದ್ದು ಹಿಂದಿರುಗಲು ದಾರಿ ಇದೆಯೇ ಎಂಬುದನ್ನು ನೋಡಬೇಕು.

ಅಂದು ಕೇರಳದಲ್ಲಿ ಆದ ಅನ್ಯಾಯವನ್ನು ಪ್ರಜಾಪ್ರಭುತ್ವ ಬೇಗ ತಿದ್ದಿಕೊಂಡಿತೆಂದು ಹೇಳಲಾರೆ. ಅದೇ 356ನೇ ವಿಧಿಯನ್ನು ಕೇಂದ್ರದಲ್ಲಿದ್ದ ಎಲ್ಲ ಪಕ್ಷಗಳೂ ಮನಬಂದಂತೆ ಬಳಸಿದವು. 1989ರ ಏಪ್ರಿಲಿನಲ್ಲಿ ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವೂ ಅದಕ್ಕೆ ಬಲಿಯಾಯಿತು. ಬಹುಮತವನ್ನು ಸದನದಲ್ಲಿ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಕೇಳಿದರೂ ರಾಜ್ಯಪಾಲರು ಕೊಡಲಿಲ್ಲ. ಅವರ ಹೆಸರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂದು ತೀರ್ಪಿತ್ತಿತು. ತಿರುವನಂತಪುರದಲ್ಲಿ ಆದ ತಪ್ಪಿಗೆ ಕಡಿವಾಣ ಬೀಳಲು ಮೂವತ್ತೈದು ವರ್ಷ ಹಿಡಿಯಿತು. ಈ ನಿಧಾನವನ್ನು ಪ್ರಜಾಪ್ರಭುತ್ವದ ದೊಡ್ಡ ದೋಷವೆಂದೇ ನಾನು ಎಣಿಸುತ್ತೇನೆ.

ಕೊಟ್ಟು ಕಿತ್ತುಕೊಂಡ ಭೂಮಿ, ತಡವಾಗಿ ಸಿಕ್ಕ ಭೂಮಿ

ಚೀನಾದ ಕ್ರಾಂತಿ ರೈತನಿಗೆ ಭೂಮಿಯನ್ನು ಬಹಳ ಬೇಗ ಕೊಟ್ಟಿತು. 1950ರಲ್ಲಿ ಕಾನೂನು ಬಂದು, ಎರಡು ಮೂರು ವರ್ಷಗಳಲ್ಲಿ ಕೋಟ್ಯಂತರ ಬಡ ರೈತರ ಹೆಸರಿಗೆ ಹೊಲಗಳಾದವು. ಲಕ್ಷಾಂತರ ಜಮೀನುದಾರರ ಜೀವವೂ ಹೋಯಿತು. ಅದಾಗಿ ಹತ್ತು ವರ್ಷ ತುಂಬುವುದರೊಳಗೆ, 1958ರ ಕೊನೆಗೆ, ಆ ಹೊಲಗಳೆಲ್ಲ ಕಮ್ಯೂನಿನ ಪಾಲಾದವು. ಭೂಮಿಯನ್ನು ಕೊಟ್ಟ ಕೈಯೇ ಅದನ್ನು ಕಿತ್ತುಕೊಂಡಾಗ ರೈತನಿಗೆ ಹೋಗಿ ದೂರಲು ನ್ಯಾಯಾಲಯವಿರಲಿಲ್ಲ, ಬೇರೆ ಪಕ್ಷವೂ ಇರಲಿಲ್ಲ. ಮತ್ತೆ ಇಪ್ಪತ್ತು ವರ್ಷಗಳ ಬಳಿಕ, 1978ರ ಡಿಸೆಂಬರಿನಲ್ಲಿ, ಅನ್‌ಹುಯಿ ಪ್ರಾಂತ್ಯದ ಶಿಯಾವೋಗಾಂಗ್ ಹಳ್ಳಿಯ ಹದಿನೆಂಟು ಮನೆಗಳವರು ರಾತ್ರಿ ಗುಟ್ಟಾಗಿ ಸೇರಿ, ಸಾಮೂಹಿಕ ಹೊಲವನ್ನು ತಮ್ಮತಮ್ಮಲ್ಲೇ ಹಂಚಿಕೊಂಡು, ಒಂದು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಸಿಕ್ಕಿಬಿದ್ದು ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ವರ್ಷದವರೆಗೆ ಉಳಿದವರು ಸಾಕಬೇಕೆಂದು ಆ ಕಾಗದದಲ್ಲಿ ಬರೆದುಕೊಂಡಿದ್ದರು. ಉಳುವ ನೆಲ ತನ್ನದಾಗಲಿ ಎಂದು ಬಯಸುವುದಕ್ಕೆ ರೈತರ ಪಕ್ಷದ ಆಡಳಿತದಲ್ಲಿ ರೈತ ಇಷ್ಟು ಅಂಜಬೇಕಾಗಿ ಬಂದಿತ್ತು. ಅದೃಷ್ಟಕ್ಕೆ ಕಾಲ ಬದಲಾಗಿತ್ತು. ಮುಂದೆ ಆ ಪದ್ಧತಿಯನ್ನೇ ಸರ್ಕಾರ ದೇಶಕ್ಕೆಲ್ಲ ಅನ್ವಯಿಸಿತು.

ನಮ್ಮ ಕರಾವಳಿಯಲ್ಲಿ ಭೂಮಿ ಬಂದದ್ದು ಮೊಕದ್ದಮೆಗಳ ಮೂಲಕ, ತಿದ್ದುಪಡಿಗಳ ಮೂಲಕ, ಎಣಿಸಲಾಗದಷ್ಟು ತಡೆಯಾಜ್ಞೆಗಳ ಮೂಲಕ. ಕೇರಳದ ಭೂ ಕಾಯಿದೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಕಾಸರಗೋಡು ಮತ್ತು ಹೊಸದುರ್ಗ ತಾಲೂಕುಗಳ ಭೂಮಾಲೀಕರಿದ್ದರು. ಆ ತಾಲೂಕುಗಳ ರೈತವಾರಿ ಜಮೀನುಗಳಿಗೆ, ಅಂದರೆ ಹಿಡುವಳಿದಾರ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಜಮೀನುಗಳಿಗೆ, ಸಂಬಂಧಿಸಿ 1961ರಲ್ಲಿ ನ್ಯಾಯಾಲಯ ಕಾಯಿದೆಯನ್ನು ರದ್ದುಮಾಡಿತು. ಅದನ್ನು ದಾಟಲು 1964ರಲ್ಲಿ ಸಂವಿಧಾನಕ್ಕೇ ಹದಿನೇಳನೆಯ ತಿದ್ದುಪಡಿ ತರಬೇಕಾಯಿತು. ಕೊನೆಗೆ ಕಮ್ಯುನಿಸ್ಟ್ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರ ಕಾಲದಲ್ಲಿ, 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಇತ್ತ ನಮ್ಮಲ್ಲಿ ಕಮ್ಯುನಿಸ್ಟ್ ಸರ್ಕಾರ ಎಂದೂ ಬರಲಿಲ್ಲ. ಆದರೆ ಗೇಣಿ ಅಳೆಯುವ ಕೊಳಗದ ವಿಷಯದಿಂದ ಎದ್ದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಸಮಾಜವಾದಿಗಳು, ಕರಾವಳಿಯಲ್ಲಿ ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟರು ದಶಕಗಳ ಕಾಲ ಹಬ್ಬಿಸಿದ ಒತ್ತಾಯವನ್ನು ಕಾಂಗ್ರೆಸ್ಸಿನ ದೇವರಾಜ ಅರಸರು ಶಾಸನವಾಗಿ ಮಾಡಿದರು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದ ಸ್ವಾಧೀನಕ್ಕೆ ಬಂದವು. ಗದ್ದೆ ತಮ್ಮ ಹೆಸರಿಗಾಗಲು ಒಕ್ಕಲುಗಳು ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಡಬೇಕು, ತಾಲೂಕಿನ ಭೂ ನ್ಯಾಯಮಂಡಳಿ ಅದನ್ನು ವಿಚಾರಿಸಿ ತೀರ್ಪು ಕೊಡಬೇಕೆಂದಾಯಿತು.

ನಮ್ಮ ಅಜ್ಜನ ವಿಚಾರಣೆಗೆ ನಾನೂ ಹೋಗಿದ್ದೆ. ಶಾಲೆಗೆ ರಜೆ ಇದ್ದುದರಿಂದ ಅಜ್ಜನ ಕೈಹಿಡಿದು ಬಸ್ಸು ಹತ್ತಿದ ನೆನಪು. ತಾಲೂಕು ಕೇಂದ್ರದ ಆ ಹಳೆಯ ಕಟ್ಟಡದ ಜಗಲಿಯಲ್ಲಿ ಒಕ್ಕಲುಗಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಗೋಡೆಯ ಪಕ್ಕದ ಬೆಂಚು ಅರ್ಧ ಖಾಲಿಯಿದ್ದರೂ ಅದರ ಮೇಲೆ ಧಣಿಗಳ ಕಡೆಯವರು ಕುಳಿತಿದ್ದರಿಂದ ಇವರು ಯಾರೂ ಹತ್ತಿರ ಸುಳಿದಿರಲಿಲ್ಲ. ನ್ಯಾಯಮಂಡಳಿಯ ಮುಂದೆ ವಕೀಲರಿಗೆ ಅವಕಾಶವಿರಲಿಲ್ಲ. ಅಜ್ಜನೇ ಮಾತನಾಡಬೇಕು. ವರ್ಷ ವರ್ಷ ಮುಡಿ ಕಟ್ಟಿ ಅಕ್ಕಿ ಹೊತ್ತು ಹಾಕಿದ್ದಕ್ಕೆ ಅಜ್ಜನ ಬಳಿ ಒಂದು ರಶೀದಿಯೂ ಇರಲಿಲ್ಲ. ಧಣಿಗಳು ರಶೀದಿ ಕೊಡುವ ಕ್ರಮವೇ ಇರಲಿಲ್ಲ. ಅದು ತಮ್ಮ ಸ್ವಂತ ಬೇಸಾಯದ ಗದ್ದೆ, ಈತ ನಮ್ಮ ಕೆಲಸದಾಳು ಎಂದು ಧಣಿಯ ಮಗ ಹೇಳಿದರು. ಅಧ್ಯಕ್ಷರಾಗಿದ್ದ ಅಸಿಸ್ಟೆಂಟ್ ಕಮಿಷನರ್ ಸ್ವಲ್ಪ ಹೊತ್ತು ಕಾಗದ ನೋಡಿ, "ಈ ಗದ್ದೆಗಳಲ್ಲಿ ಕೊಳಕೆ ಬೆಳೆ ಯಾವುದರಲ್ಲಿ ಆಗುತ್ತದೆ?" ಎಂದು ಧಣಿಯ ಮಗನನ್ನು ಕೇಳಿದರು. ಕೊಳಕೆ ಎಂದರೆ ನಮ್ಮ ಕಡೆ ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ ಎರಡೂ ಮುಗಿದ ಮೇಲೆ ತೆಗೆಯುವ ಮೂರನೆಯ ಭತ್ತದ ಬೆಳೆ. ಅವರು ಎಲ್ಲದರಲ್ಲೂ ಆಗುತ್ತದೆ ಎಂದರು. ಅಜ್ಜನನ್ನು ಕೇಳಿದಾಗ ಅಜ್ಜ ಕೈಮುಗಿದುಕೊಂಡೇ, "ತೋಡಿನ ಬದಿಯ ಎರಡು ಬೈಲು ಗದ್ದೆಯಲ್ಲಿ ಮಾತ್ರ ಸ್ವಾಮೀ. ಮೇಲಿನ ಮಜಲಿನಲ್ಲಿ ಸುಗ್ಗಿಯೇ ಕಷ್ಟ, ಅದರ ಮೇಲಿನ ಬೆಟ್ಟು ಗದ್ದೆಯಲ್ಲಿ ಏಣೆಲು ಒಂದೇ. ತೋಡಿನ ಕಟ್ಟ ಮಕರ ತಿಂಗಳಲ್ಲಿ ಒಡೆದರೆ ಬೈಲಿನಲ್ಲಿಯೂ ಇಲ್ಲ" ಎಂದ. ಮಂಡಳಿಯ ಸದಸ್ಯರೊಬ್ಬರು ಮುಂದೆ ಬಾಗಿ, ಕಟ್ಟ ಕಟ್ಟುವುದು ಯಾರು ಎಂದು ಕೇಳಿದರು. ನಾವೇ ಎಂದ ಅಜ್ಜ. ಹೊರಗೆ ಬಂದ ಮೇಲೆ ಅವನ ಕೈ ನಡುಗುತ್ತಿದ್ದುದು ನನ್ನ ಅಂಗೈಗೆ ತಿಳಿಯುತ್ತಿತ್ತು.

ತೀರ್ಪು ಅಜ್ಜನ ಕಡೆಗಾಯಿತು. ಮೇಜಿನ ಮೇಲೆ, ಎಲ್ಲರ ಎದುರಿನಲ್ಲಿ, ಧಣಿಯ ಮಗ ನೋಡುತ್ತಿದ್ದಂತೆಯೇ ಅಜ್ಜ ಹೆಬ್ಬೆಟ್ಟು ಒತ್ತಿದ. ಶಿಯಾವೋಗಾಂಗ್‌ನ ರೈತರ ಬಗ್ಗೆ ಮೊದಲ ಬಾರಿ ಓದಿದಾಗ ನನಗೆ ಈ ಹೆಬ್ಬೆಟ್ಟೇ ನೆನಪಾಯಿತು. ಅಜ್ಜನಿಗೆ ಭಯವಿತ್ತು, ನಿಜ. ಆದರೆ ಗುಟ್ಟಿನ ಅಗತ್ಯವಿರಲಿಲ್ಲ. ಪಹಣಿಯಲ್ಲಿ ಅವನ ಹೆಸರು ಬಂದ ಮೇಲೆ ಅರಸರ ಸರ್ಕಾರ ಹೋಯಿತು, ಎಷ್ಟೋ ಸರ್ಕಾರಗಳು ಬಂದುಹೋದವು, ಧಣಿಗಳ ಮನೆಯವರೇ ಚುನಾವಣೆಗೂ ನಿಂತರು. ಗದ್ದೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಫಾರಂ ಇಲ್ಲದವರು

ಇಷ್ಟಕ್ಕೇ ನಿಲ್ಲಿಸಿದರೆ ಪ್ರಜಾಪ್ರಭುತ್ವದ ಪರವಾಗಿ ಒಂದು ಸುಂದರ ಕತೆಯಾಗುತ್ತದೆ. ಆದರೆ ನನ್ನ ಎಡಪಂಥೀಯ ಗೆಳೆಯರು ಹೇಳುವುದರಲ್ಲಿ ತಳ್ಳಿಹಾಕಲಾಗದ ಭಾಗ ಇರುವುದು ಇಲ್ಲಿಯೇ. ಅಜ್ಜನ ವಿಚಾರಣೆ ನಡೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ವಿರೋಧಪಕ್ಷಗಳ ನಾಯಕರು ಬೆಂಗಳೂರಿನ ಜೈಲಿನಲ್ಲಿದ್ದಾಗ, ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದಾಗ, ನಮ್ಮ ತಾಲೂಕಿನ ನ್ಯಾಯಮಂಡಳಿ ಬಿರುಸಿನಿಂದ ಕಡತಗಳನ್ನು ಇತ್ಯರ್ಥಪಡಿಸುತ್ತಿತ್ತು. ಭೂಸುಧಾರಣೆ ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿಯೂ ಇತ್ತು. ಶಾಸನವನ್ನು ಮಾಡಿದ್ದು ಚುನಾಯಿತ ಸದನ, ಅದೂ ತುರ್ತುಪರಿಸ್ಥಿತಿಗೆ ಮುಂಚೆಯೇ. ಆದರೂ ಅದು ಆ ವೇಗದಲ್ಲಿ ಜಾರಿಯಾಗಲು ಧಣಿಗಳಿಗಿದ್ದ ಭಯವೂ ಒಂದು ಕಾರಣವೆಂದು ಒಪ್ಪದೆ ಗತ್ಯಂತರವಿಲ್ಲ. ಇದು ನನ್ನನ್ನು ಇಂದಿಗೂ ಕಾಡುತ್ತದೆ. ಆದರೆ ಅದೇ ಭಯದ ಇನ್ನೊಂದು ಮುಖವನ್ನು ಕೇರಳ ಕಂಡಿತು. ಒಕ್ಕಲುಗಳಿಗೆ ಭೂಮಿ ಕೊಡಿಸಿದ ಅಚ್ಯುತ ಮೆನನ್ ಅವರೇ ಮುಖ್ಯಮಂತ್ರಿಯಾಗಿದ್ದಾಗ ಪೊಲೀಸ್ ಶಿಬಿರವೊಂದರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಚಿತ್ರಹಿಂಸೆಯಿಂದ ಸತ್ತ. ಮಗ ಎಲ್ಲಿ ಎಂದು ಕೇಳುತ್ತ ಅಲೆದ ತಂದೆಗೆ ಹೈಕೋರ್ಟಿನಲ್ಲಿ ಉತ್ತರ ದೊರೆತದ್ದು 1977ರಲ್ಲಿ, ತುರ್ತುಪರಿಸ್ಥಿತಿ ತೆರವಾದ ಮೇಲೆ. ಆಗ ಗೃಹಸಚಿವರಾಗಿದ್ದು ಅಷ್ಟರಲ್ಲಿ ಮುಖ್ಯಮಂತ್ರಿಯೂ ಆಗಿದ್ದ ಕೆ. ಕರುಣಾಕರನ್ ಒಂದು ತಿಂಗಳಲ್ಲೇ ರಾಜೀನಾಮೆ ಕೊಡಬೇಕಾಯಿತು.

ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಒಬ್ಬ ಹೆಂಗಸಿದ್ದರು. ಅಜ್ಜನಿಗೆ ಭೂಮಿಯಾದ ವರ್ಷ, ಅಂಗಳದ ಹೊರಗೆ ಕುಳಿತು ಗಂಜಿ ಕುಡಿಯುತ್ತ ಅವರು ನನ್ನ ಅಜ್ಜಿಯನ್ನು ಕೇಳಿದ್ದರು: "ಅಕ್ಕಾ, ಬರೀ ಕೆಲಸ ಮಾಡಿದವರಿಗೆ ಆ ಫಾರಂ ಇಲ್ಲವಾ?" ಅಜ್ಜಿ ಉತ್ತರಿಸಲಿಲ್ಲ, ಇನ್ನೊಂದು ಸೌಟು ಗಂಜಿ ಹಾಕಿದರು. ಇರಲಿಲ್ಲ, ಆ ಫಾರಂ ಇರಲಿಲ್ಲ. ಉಳುವವನೇ ಹೊಲದೊಡೆಯ ಎಂಬ ಘೋಷಣೆಯಲ್ಲಿ ಉಳುವವನೆಂದರೆ ಗೇಣಿ ಕೊಡುವವನು. ಗೇಣಿಗೂ ಯೋಗ್ಯತೆಯಿಲ್ಲವೆಂದು ದೂರ ಇಟ್ಟಿದ್ದ ದಲಿತ ಕೂಲಿಕಾರರು ಅದರೊಳಗೆ ಬರಲಿಲ್ಲ. ಕೇರಳದಲ್ಲಿಯೂ ಹೆಚ್ಚುಕಡಿಮೆ ಇದೇ ಆಯಿತು. ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಹಳ್ಳಿಗಳಲ್ಲಿ ಹತ್ತು ಸೆಂಟ್ಸ್ ಸಿಕ್ಕಿತು, ಗದ್ದೆ ಮಾತ್ರ ಗೇಣಿದಾರನಿಗೆ ಹೋಯಿತು. ಚೀನಾದ ಕ್ರಾಂತಿ ಕೂಲಿಯವನನ್ನು ಹೀಗೆ ಹೊರಗಿಡಲಿಲ್ಲ. ಅದು ಹಳ್ಳಿಯ ಕಟ್ಟಕಡೆಯವನನ್ನೇ ಮೊದಲು ಕರೆಯಿತು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನಮ್ಮ ಅಂಗಳದ ಹೊರಗೆ ಗಂಜಿ ಕುಡಿಯುತ್ತಿದ್ದ ಆ ಹೆಂಗಸು ಪ್ರತಿ ಚುನಾವಣೆಯಲ್ಲಿ ಮತ ಹಾಕುತ್ತಿದ್ದರು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಈ ಎರಡೂ ಮುಖಗಳನ್ನು ಒಟ್ಟಿಗೆ ನೋಡಿದವರು. ಸ್ವತಂತ್ರ ಪತ್ರಿಕೆಗಳೂ ಚುನಾವಣೆಗಳೂ ಇರುವ ದೇಶದಲ್ಲಿ ಚೀನಾದಂಥ ಮಹಾ ಬರಗಾಲ ಸಂಭವಿಸುವುದಿಲ್ಲ ಎಂದು ತೋರಿಸಿದವರು ಅವರೇ. ಅದೇ ಸೇನರು, ಸದ್ದಿಲ್ಲದ ದಿನನಿತ್ಯದ ಹಸಿವಿನಿಂದ, ಚಿಕಿತ್ಸೆ ದೊರೆಯದ ರೋಗಗಳಿಂದ ಭಾರತದಲ್ಲಿ ಸಂಭವಿಸುತ್ತಿದ್ದ ಸಾವುಗಳನ್ನು ಚೀನಾದ ಆರೋಗ್ಯ ಸಾಧನೆಯ ಪಕ್ಕದಲ್ಲಿ ಇಟ್ಟು ನಮ್ಮನ್ನು ನಾಚಿಸಿದ್ದಾರೆ. 1980ರ ಹೊತ್ತಿಗೆ ಚೀನೀಯರ ಸರಾಸರಿ ಆಯುಷ್ಯ ನಮಗಿಂತ ಹತ್ತು ವರ್ಷದಷ್ಟು ಹೆಚ್ಚಿತ್ತು. ಒಂದೇ ಬಾರಿಗೆ ಲಕ್ಷಾಂತರ ಜನ ಸತ್ತರೆ ಅದು ಮುಖಪುಟದ ಸುದ್ದಿಯಾಗುತ್ತದೆ, ಸರ್ಕಾರ ಬೀಳುತ್ತದೆ. ಒಂದೊಂದೇ ಮಗು, ಒಂದೊಂದೇ ಬಾಣಂತಿ, ವರ್ಷವಿಡೀ ಸಾಯುತ್ತಿದ್ದರೆ ಅದು ಸುದ್ದಿಯಲ್ಲ. ನಮ್ಮ ಪ್ರಜಾಪ್ರಭುತ್ವದ ಕಿವಿ ಮೊದಲನೆಯದಕ್ಕೆ ಚುರುಕು, ಎರಡನೆಯದಕ್ಕೆ ಮಂದ. ಕೇರಳ ಈ ವಿಷಯದಲ್ಲಿ ಭಾರತದ ಉಳಿದ ಭಾಗಗಳಿಗಿಂತ ಬಹಳ ಮುಂದೆ ಹೋಗಿದ್ದರೆ, ಅದಕ್ಕೆ ತಿರುವಾಂಕೂರಿನ ಹಳೆಯ ಶಾಲೆಗಳು, ಮಿಷನರಿಗಳು, ನಾರಾಯಣ ಗುರುಗಳ ಚಳವಳಿ ಇವುಗಳ ಜೊತೆಗೆ, ಆಸ್ಪತ್ರೆಯಲ್ಲಿ ವೈದ್ಯನಿಲ್ಲದಿದ್ದರೆ ಬಾಗಿಲ ಮುಂದೆ ಧರಣಿ ಕೂರಲು ಕೂಲಿಕಾರನಿಗೆ ಕಲಿಸಿದ ಕಮ್ಯುನಿಸ್ಟ್ ಸಂಘಟನೆಯೂ ಕಾರಣ. ಆ ಕೂಲಿಕಾರ ಧರಣಿ ಕೂರಬಹುದಾಗಿದ್ದದ್ದು ಪ್ರಜಾಪ್ರಭುತ್ವದಿಂದ. ಎರಡರಲ್ಲಿ ಒಂದನ್ನು ತೆಗೆದರೂ ಕೇರಳ ಕೇರಳವಾಗುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಹಾಗಾಗಿ, ಎರಡರಲ್ಲಿ ಒಂದನ್ನೇ ಆರಿಸು ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಅನುಮಾನವಿಲ್ಲದೆ ಪ್ರಜಾಪ್ರಭುತ್ವವನ್ನೇ ಆರಿಸುತ್ತೇನೆ. ಪೆಂಗ್ ದೆಹುವಾಯ್ ಅವರಿಗೆ ಆದದ್ದನ್ನು ಓದಿದ ಮೇಲೆ ಬೇರೆ ಆಯ್ಕೆ ನನಗೆ ಸಾಧ್ಯವಿಲ್ಲ. ಪಶ್ಚಿಮ ಬಂಗಾಳದಲ್ಲಿ ಪಾಲಿಗೆ ಬೇಸಾಯ ಮಾಡುವ ಬರ್ಗಾದಾರರ ಹೆಸರನ್ನು ದಾಖಲೆಗೆ ಸೇರಿಸಿದ, ಕಮ್ಯುನಿಸ್ಟರ ಮುಂದಾಳತ್ವದ ಎಡರಂಗವೇ 2007ರಲ್ಲಿ ನಂದಿಗ್ರಾಮದ ರೈತರ ಮೇಲೆ ಗುಂಡು ಹಾರಿಸಿತು. ಜನ 2011ರಲ್ಲಿ, ಮೂವತ್ತನಾಲ್ಕು ವರ್ಷಗಳ ಆಡಳಿತದ ಬಳಿಕ, ಮತ ಹಾಕಿ ಅದನ್ನು ಇಳಿಸಿದರು. ಇಳಿಯಿರಿ ಎಂದಾಗ ಇಳಿದ ಕಮ್ಯುನಿಸ್ಟರನ್ನು ಕಾಣಲು ಚೀನಾಕ್ಕೆ ಹೋದರೆ ಸಿಗುವುದಿಲ್ಲ.

ಆದರೆ ಆರಿಸಿಕೊಂಡ ಮಾತ್ರಕ್ಕೆ ನೆಮ್ಮದಿಯಿಂದಿರಲು ನನಗೆ ಆಗುತ್ತಿಲ್ಲ. 2020ರಲ್ಲಿ, ಕೊರೋನಾದ ನಡುವೆ, ಕರ್ನಾಟಕ ಸರ್ಕಾರ ಮೊದಲು ಸುಗ್ರೀವಾಜ್ಞೆಯ ಮೂಲಕ, ಅನಂತರ ಸದನದ ಮೂಲಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿತು. ಬೇಸಾಯಗಾರನಲ್ಲದವನು, ಎಷ್ಟೇ ಆದಾಯವಿರಲಿ, ಈಗ ಕೃಷಿಭೂಮಿ ಕೊಳ್ಳಬಹುದು. ರೈತ ಸಂಘಟನೆಗಳು ಬೆಂಗಳೂರಿನ ಬೀದಿಗಿಳಿದವು, ಬಂದ್ ಮಾಡಿದವು. ಸದನದ ಒಳಗೆ ವಿರೋಧಪಕ್ಷಗಳು ಗದ್ದಲ ಮಾಡಿದವು, ಸಭಾತ್ಯಾಗವೂ ಆಯಿತು. ಆದರೆ ಕಕ್ಕಿಲ್ಲಾಯರು 1970ರ ದಶಕದಲ್ಲಿ ಕುಳಿತಿದ್ದ ಆ ವಿಧಾನಸಭೆಯಲ್ಲಿ ಕಮ್ಯುನಿಸ್ಟ್ ಪಕ್ಷದ ಒಬ್ಬ ಸದಸ್ಯನೂ ಇರಲಿಲ್ಲ. 2004ರಲ್ಲಿ ಬಾಗೇಪಲ್ಲಿಯಿಂದ ಗೆದ್ದ ಜಿ.ವಿ. ಶ್ರೀರಾಮರೆಡ್ಡಿಯವರ ಬಳಿಕ ಯಾರೂ ಆರಿಸಿ ಬಂದಿಲ್ಲ. ಅವರ ಪಕ್ಷಕ್ಕೆ ನಾನು ಎಂದೂ ಮತ ಹಾಕಿದವನಲ್ಲ, ಅವರ ಸಿದ್ಧಾಂತದ ಅರ್ಧಕ್ಕಿಂತ ಹೆಚ್ಚಿನದನ್ನು ಒಪ್ಪುವವನೂ ಅಲ್ಲ. ಹಾಗಿದ್ದರೂ ಗೇಣಿ, ಕೂಲಿ, ಒಕ್ಕಲೆಬ್ಬಿಸುವಿಕೆ ಇವುಗಳನ್ನೇ ಹಗಲಿರುಳು ಮಾತನಾಡುತ್ತಿದ್ದ ಒಂದು ಧ್ವನಿಯಾದರೂ ಆ ಸದನದಲ್ಲಿ ಇರಬೇಕಿತ್ತು. ನೇಜಿ ನೆಡಲು ಬರುತ್ತಿದ್ದ ಆ ಹೆಂಗಸಿನ ಮೊಮ್ಮಕ್ಕಳು ನಮ್ಮೂರಿನ ಸರ್ಕಾರಿ ಗುಡ್ಡದ ಬದಿಯಲ್ಲಿ ಮನೆ ಕಟ್ಟಿಕೊಂಡು, ಆ ಐದು ಸೆಂಟ್ಸ್ ಜಾಗದ ಹಕ್ಕುಪತ್ರಕ್ಕಾಗಿ ಈಗಲೂ ತಾಲೂಕು ಕಚೇರಿಗೆ ಅಲೆಯುತ್ತಿದ್ದಾರೆ.